ಮರ ಕಡಿಯುವ ಶಾಸ್ತ್ರ ಕಲಿತವರು ಕೊಡಲಿ ಬೀಳದ ಕಾಡನ್ನು ಕೇಳಿದ್ದೇಕೆ?

ಪ್ರಶ್ನೆ: ನಾನು ಅರಣ್ಯಶಾಸ್ತ್ರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಊರು ಉತ್ತರ ಕನ್ನಡ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ರಸ್ತೆಯೇ ಇಲ್ಲದ ಹತ್ತು ಲಕ್ಷ ಎಕರೆಯ ಕಾಡೊಂದಕ್ಕೆ ಬಾಬ್ ಮಾರ್ಷಲ್ ಎಂಬ ಅರಣ್ಯಾಧಿಕಾರಿಯ ಹೆಸರಿಟ್ಟಿದ್ದಾರೆ ಎಂದು ತರಗತಿಯಲ್ಲಿ ಕೇಳಿದೆ. ಅದೇ ವ್ಯಕ್ತಿ ಮರಮಟ್ಟಿಗಾಗಿ ಸುಸ್ಥಿರ ಕಡಿತಲೆ ನಡೆಯಬೇಕೆಂದೂ ವಾದಿಸಿದ್ದರಂತೆ. ಒಂದು ಕಡೆ ಕಡಿಯಿರಿ, ಇನ್ನೊಂದು ಕಡೆ ಮುಟ್ಟಬೇಡಿ ಎಂದವರು ಯಾವ ಪಕ್ಷದವರು? ನಾಳೆ ಇಲಾಖೆಗೆ ಸೇರಬೇಕೆಂದಿರುವ ನನ್ನಂಥವರು ಅವರಿಂದ ಕಲಿಯುವುದು ಏನಾದರೂ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಯನ್ನು ಓದಿದಾಗ ಸೇವೆಯ ಮೊದಲ ವರ್ಷಗಳಲ್ಲಿ ಮುದ್ರೆ ಸುತ್ತಿಗೆ ಹಿಡಿದು ಕೂಪಿನಲ್ಲಿ, ಅಂದರೆ ಕಡಿತಲೆಗೆಂದು ಗೊತ್ತುಮಾಡಿದ ಕಾಡಿನ ತುಂಡಿನಲ್ಲಿ, ಮರಗಳಿಗೆ ಗುರುತು ಹಾಕಿಸುತ್ತಿದ್ದ ದಿನಗಳು ನೆನಪಾದವು. ಯಾವ ಮರ ಹೋಗಬೇಕು, ಯಾವುದು ಬೀಜಕ್ಕೆ ಉಳಿಯಬೇಕು ಎಂದು ಬೆಳಗಿನಿಂದ ಸಂಜೆಯವರೆಗೆ ತೀರ್ಮಾನಿಸುತ್ತ ನಡೆಯುವವನಿಗೆ, ಕಾಡಿನ ಯಾವುದೋ ಒಂದು ತಿರುವಿನಲ್ಲಿ, ಇಲ್ಲಿಂದ ಮುಂದಕ್ಕೆ ಸುತ್ತಿಗೆ ಬರಬಾರದಿತ್ತು ಎನ್ನಿಸುವುದುಂಟು. ಆ ಅನಿಸಿಕೆಯನ್ನು ಕೇವಲ ಭಾವುಕತೆಯೆಂದು ಬದಿಗಿಡದೆ, ಅದಕ್ಕೆ ಲೆಕ್ಕವನ್ನೂ ಕಾನೂನನ್ನೂ ಒದಗಿಸಿದವರು ಬಾಬ್ ಮಾರ್ಷಲ್. ಅವರ ಎರಡು ನಿಲುವುಗಳಲ್ಲಿ ವಿರೋಧವಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡೂ ಒಂದೇ ಲೆಕ್ಕದಿಂದ ಹುಟ್ಟಿದವು. ಕಡಿದ ಮರ ಮತ್ತೆ ಬೆಳೆಯುತ್ತದೆ, ಆದ್ದರಿಂದ ಮತ್ತೆ ಬೆಳೆಯುವಂತೆಯೇ ಕಡಿಯಬೇಕು. ರಸ್ತೆ ಹೊಕ್ಕ ಕಾಡು ಮತ್ತೆ ರಸ್ತೆಯಿಲ್ಲದ ಕಾಡಾಗುವುದಿಲ್ಲ, ಆದ್ದರಿಂದ ಕೆಲವು ಕಾಡುಗಳಿಗೆ ರಸ್ತೆ ಹೋಗಲೇಬಾರದು. ಅವರು ‘ವಿಲ್ಡರ್‌ನೆಸ್’ ಎಂದದ್ದನ್ನು ನಾನಿಲ್ಲಿ ‘ಅಖಂಡ ಕಾಡು’ ಎನ್ನುತ್ತೇನೆ. ರಸ್ತೆಯಿಂದ ತುಂಡಾಗದೆ ಉಳಿದದ್ದು ಎಂಬ ಅರ್ಥದಲ್ಲಿ ಆ ಮಾತು ಅವರ ಮನಸ್ಸಿಗೆ ಹತ್ತಿರವಾಗಿದೆ.

ಮಾರ್ಷಲ್ ಹುಟ್ಟಿದ್ದು 1901ರ ಜನವರಿ 2ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಲೂಯಿಸ್ ಮಾರ್ಷಲ್ ಸಂವಿಧಾನದ ವಿಷಯದಲ್ಲಿ ಹೆಸರಾದ ವಕೀಲರು. ಮಗನ ಕಥೆ ಅರ್ಥವಾಗಬೇಕಾದರೆ ತಂದೆಯ ಕಾಲದ ಒಂದು ಕಾನೂನನ್ನು ತಿಳಿಯಬೇಕು. ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ ಆಡಿರಾಂಡಾಕ್ ಎಂಬ ಬೆಟ್ಟಸೀಮೆಯಿದೆ. 19ನೆಯ ಶತಮಾನದಲ್ಲಿ ಅಲ್ಲಿ ನಡೆದ ಮಿತಿಯಿಲ್ಲದ ಕಡಿತಲೆಯನ್ನು ಕಂಡು, ಬೆಟ್ಟಗಳು ಬೋಳಾದರೆ ಹಡ್ಸನ್ ನದಿಗೂ ಸರಕು ಸಾಗಿಸುವ ಕಾಲುವೆಗಳಿಗೂ ನೀರು ಕಡಿಮೆಯಾದೀತೆಂದು ಆ ರಾಜ್ಯದ ವ್ಯಾಪಾರಿಗಳೇ ಹೆದರಿದರು. 1885ರಲ್ಲಿ ಸರ್ಕಾರಿ ಕಾಡನ್ನು ಕಾಯ್ದಿರಿಸಲಾಯಿತು. ಕಳ್ಳ ಕಡಿತಲೆ ನಿಲ್ಲದಿದ್ದಾಗ 1894ರ ಸಂವಿಧಾನ ಸಭೆ ಆ ಭೂಮಿ ಎಂದೆಂದಿಗೂ ಕಾಡಾಗಿಯೇ ಇರತಕ್ಕದ್ದು, ಅಲ್ಲಿನ ಮರವನ್ನು ಮಾರುವುದಾಗಲಿ ತೆಗೆಯುವುದಾಗಲಿ ನಾಶಮಾಡುವುದಾಗಲಿ ಕೂಡದು ಎಂದು ರಾಜ್ಯದ ಸಂವಿಧಾನದಲ್ಲಿಯೇ ಬರೆಯಿತು. ಆ ಸಭೆಯ ಸದಸ್ಯರಾಗಿದ್ದ ಲೂಯಿಸ್ ಮಾರ್ಷಲ್ ಈ ವಿಧಿಯ ಪರ ನಿಂತವರು; 1915ರಲ್ಲಿ ಸಂವಿಧಾನವನ್ನು ಮತ್ತೆ ಪರಿಷ್ಕರಿಸಲು ಹೊರಟಾಗಲೂ ಅದನ್ನು ಉಳಿಸಿಕೊಳ್ಳಲು ಹೋರಾಡಿದರು. ಇದೇ ವ್ಯಕ್ತಿ ಸಿರಕ್ಯೂಸ್‌ನಲ್ಲಿ ರಾಜ್ಯದ ಅರಣ್ಯ ಕಾಲೇಜು ಸ್ಥಾಪನೆಯಾಗಲು ದುಡಿದರು ಎಂಬುದನ್ನು ನೀವು ಗಮನಿಸಬೇಕು. ಒಂದು ಕೈಯಲ್ಲಿ ಕಡಿಯಬಾರದೆಂಬ ವಿಧಿ, ಇನ್ನೊಂದು ಕೈಯಲ್ಲಿ ಕಡಿಯುವುದನ್ನೂ ಬೆಳೆಸುವುದನ್ನೂ ಕಲಿಸುವ ಶಾಲೆ. ಮಗ ಎರಡನ್ನೂ ಒಂದೇ ಮನೆಯಲ್ಲಿ ಕಂಡು ಬೆಳೆದರು.

ಕುಟುಂಬದ ಬೇಸಿಗೆ ಮನೆ ಲೋವರ್ ಸಾರನಾಕ್ ಎಂಬ ಸರೋವರದ ದಂಡೆಯಲ್ಲಿತ್ತು. ಅಣ್ಣತಮ್ಮಂದಿರಲ್ಲಿ ಬಾಬ್ ಮತ್ತು ಜಾರ್ಜ್ ಇಬ್ಬರೂ ಹರ್ಬ್ ಕ್ಲಾರ್ಕ್ ಎಂಬ ದಾರಿತೋರುಗನೊಡನೆ ಆಡಿರಾಂಡಾಕ್‌ನ 4,000 ಅಡಿಗಿಂತ ಎತ್ತರದವೆಂದು ಅಂದು ಎಣಿಸಿದ್ದ 46 ಶಿಖರಗಳನ್ನೂ ಹತ್ತಿದರು. 1918ರಲ್ಲಿ ಆರಂಭಿಸಿ 1925ರಲ್ಲಿ ಮುಗಿಸಿದ ಆ ಮೂವರೇ ಎಲ್ಲವನ್ನೂ ಹತ್ತಿದ ಮೊದಲಿಗರು. ಬಾಬ್ ಮುಂದೆ ದಿನಕ್ಕೆ 30 ಮೈಲಿ ನಡೆಯುವುದನ್ನು ಸಾಮಾನ್ಯ ಸಂಗತಿಯೆಂಬಂತೆ ಮಾಡುತ್ತಿದ್ದರು. ಅಖಂಡ ಕಾಡಿನ ಗಾತ್ರದ ಕುರಿತು ಅವರು ಮುಂದೆ ಹೇಳಿದ ಮಾತುಗಳ ಹಿಂದೆ ಕಾಲಿನಿಂದ ಅಳೆದ ಅನುಭವವಿತ್ತು.

ಸಿರಕ್ಯೂಸ್‌ನಲ್ಲಿ 1924ರಲ್ಲಿ ಪದವಿ, ಮರುವರ್ಷ ಹಾರ್ವರ್ಡ್‌ನಲ್ಲಿ ಸ್ನಾತಕೋತ್ತರ ಪದವಿ. ಹಾರ್ವರ್ಡ್‌ನ ಪೀಟರ್‌ಶ್ಯಾಮ್ ಕಾಡಿನಲ್ಲಿ ಅವರು ಕೈಗೊಂಡ ಅಧ್ಯಯನ ನಿಮಗೆ ವೃತ್ತಿಯ ದೃಷ್ಟಿಯಿಂದ ಆಸಕ್ತಿಯದು. ಹೆಮ್ಲಾಕ್ ಎಂಬ ನಿತ್ಯಹರಿದ್ವರ್ಣ ಸೂಚಿಪರ್ಣಿ ಮರ ದೊಡ್ಡ ಮರಗಳ ನೆರಳಿನಲ್ಲಿ ದಶಕಗಟ್ಟಲೆ ಕುಗ್ಗಿಕೊಂಡೇ ಬದುಕಬಲ್ಲದು. ಮೇಲಿನ ಮರ ಬಿದ್ದೊಡನೆ, ಅಥವಾ ಕಡಿದೊಡನೆ, ಬೆಳಕು ಕಂಡು ಬೆಳವಣಿಗೆಯ ಓಟ ಹಿಡಿಯುತ್ತದೆ. ಕಾಂಡದ ಉಂಗುರಗಳನ್ನು ಅಳೆದು ಈ ಬಿಡುಗಡೆಯ ಮೊದಲು ಮತ್ತು ನಂತರದ ಬೆಳವಣಿಗೆಯನ್ನು ಅವರು ದಾಖಲಿಸಿದರು. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಬಿಸಿಲಕಿಂಡಿ ತೆರೆದಲ್ಲಿ ಎಳೆಯ ಗಿಡಗಳು ನುಗ್ಗಿ ಬೆಳೆಯುವುದನ್ನು ನೀವು ಕಂಡಿರುತ್ತೀರಿ. ಮೂಲ ತತ್ತ್ವ ಅದೇ. ಆಯ್ದು ಕಡಿಯುವ ಪದ್ಧತಿ ನಿಂತಿರುವುದೇ ಈ ತಿಳಿವಳಿಕೆಯ ಮೇಲೆ. ಅಂದರೆ ಮಾರ್ಷಲ್ ಕಡಿತಲೆಯನ್ನು ದೂರದಿಂದ ಬೈದವರಲ್ಲ. ಕಡಿದ ಮೇಲೆ ಕಾಡು ಏನು ಮಾಡುತ್ತದೆ ಎಂಬುದನ್ನು ಉಂಗುರ ಉಂಗುರವಾಗಿ ಎಣಿಸಿದವರು.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಮಾತು. ಅಮೆರಿಕದ ಅರಣ್ಯಸೇವೆಯನ್ನು 1905ರಿಂದ ಕಟ್ಟಿದ ಗಿಫರ್ಡ್ ಪಿಂಚೋ, ಯುವಕರಾಗಿ ಯುರೋಪಿಗೆ ಹೋದಾಗ ಮಾರ್ಗದರ್ಶನ ಪಡೆದದ್ದು ಡೀಟ್ರಿಚ್ ಬ್ರಾಂಡಿಸ್ ಅವರಿಂದ. ಬ್ರಾಂಡಿಸ್ ಬರ್ಮಾದ ತೇಗದ ಕಾಡುಗಳಲ್ಲಿ ಮರಗಳ ಸುತ್ತಳತೆಯ ವರ್ಗಗಳನ್ನು ಎಣಿಸಿ ವರ್ಷಕ್ಕೆ ಎಷ್ಟು ಕಡಿಯಬಹುದೆಂದು ನಿರ್ಧರಿಸುವ ವಿಧಾನ ತಂದವರು, 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದವರು. ನೀವು ಕಾರ್ಯಯೋಜನೆಯ, ಅಂದರೆ ಒಂದು ಕಾಡಿನಲ್ಲಿ ಎಲ್ಲಿ, ಯಾವಾಗ, ಎಷ್ಟು ಕಡಿಯಬೇಕೆಂದು ಮೊದಲೇ ಬರೆದಿಡುವ ಯೋಜನೆಯ, ಪಾಠದಲ್ಲಿ ಓದುವ ಅದೇ ಪರಂಪರೆ ಹೀಗೆ ಅಟ್ಲಾಂಟಿಕ್ ದಾಟಿತು. ಮಾರ್ಷಲ್ ಕಲಿತ ಶಾಸ್ತ್ರವೂ ನಿಮ್ಮ ಶಾಸ್ತ್ರವೂ ಒಂದೇ ಬೇರಿನವು.

1925ರಿಂದ 1928ರವರೆಗೆ ಅವರು ಮೊಂಟಾನಾದ ಮಿಸೂಲಾದಲ್ಲಿದ್ದ ಅರಣ್ಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. 1910ರಲ್ಲಿ ಐಡಹೊ ಮತ್ತು ಮೊಂಟಾನಾದ ಸುಮಾರು 30 ಲಕ್ಷ ಎಕರೆ ಕಾಡು ಬೆಂಕಿಗೆ ಆಹುತಿಯಾಗಿದ್ದ ಸೀಮೆ ಅದು. ಬೆಂಕಿಯ ನಂತರ ಕಾಡು ಹೇಗೆ ಮರಳಿ ಹುಟ್ಟುತ್ತದೆ ಎಂಬುದು ಅವರ ಸಂಶೋಧನೆಯ ವಿಷಯವಾಯಿತು. ಜೊತೆಗೆ ಮರ ಕಡಿಯುವ ಕೂಲಿಗಳ ಶಿಬಿರಗಳಲ್ಲಿ ಅವರೊಡನೆ ಉಂಡು ಮಲಗಿ, ಅವರ ಮಾತು, ಊಟದ ರೀತಿ, ದುಡಿಮೆ ಎಲ್ಲವನ್ನೂ ಟಿಪ್ಪಣಿ ಮಾಡಿ ಒಂದು ಸಮಾಜಶಾಸ್ತ್ರದ ಲೇಖನವನ್ನೇ ಬರೆದರು. ಕಾಡನ್ನು ಬಳಸಿ ಬಿಸಾಡುವ ಉದ್ಯಮವು ಕೂಲಿಯವನನ್ನೂ ಹಾಗೆಯೇ ಬಳಸಿ ಬಿಸಾಡುತ್ತದೆ ಎಂಬ ಅವರ ನಂಬಿಕೆ ಗಟ್ಟಿಯಾದದ್ದು ಈ ವರ್ಷಗಳಲ್ಲಿ. ಅನಂತರ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ, ಮಣ್ಣು ಒಣಗಿದಾಗ ಸೂಚಿಪರ್ಣಿ ಸಸಿಗಳು ಹೇಗೆ ಬಾಡುತ್ತವೆ ಎಂಬುದರ ಮೇಲೆ ಸಂಶೋಧನೆ ಮಾಡಿ 1930ರಲ್ಲಿ ಡಾಕ್ಟರೇಟ್ ಪಡೆದರು.

ಈಗ ಕಡಿತಲೆಯ ಕುರಿತ ಅವರ ವಾದಕ್ಕೆ ಬರುತ್ತೇನೆ. ನಿರಂತರ ಇಳುವರಿ ಎಂಬ ತತ್ತ್ವ ಹೇಳಲು ಸರಳ. ಒಂದು ಜಾತಿಯ ಮರ ಕಡಿತಲೆಗೆ ಬರಲು 100 ವರ್ಷ ಬೇಕು, ನಿಮ್ಮ ವಶದಲ್ಲಿ 1,000 ಎಕರೆ ಇದೆ ಎಂದುಕೊಳ್ಳಿ; ವರ್ಷಕ್ಕೆ 10 ಎಕರೆಗಿಂತ ಹೆಚ್ಚು ಕಡಿಯದೆ, ಕಡಿದಲ್ಲಿ ಸಹಜವಾಗಿಯೋ ನೆಟ್ಟೋ ಮರುಹುಟ್ಟನ್ನು ಖಚಿತಪಡಿಸಿಕೊಂಡರೆ ನೂರೊಂದನೆಯ ವರ್ಷ ಮೊದಲ ತುಂಡು ಮತ್ತೆ ಸಿದ್ಧವಾಗಿರುತ್ತದೆ. ಆಯ್ದು ಕಡಿಯುವ ಪದ್ಧತಿಯಾದರೆ ಇಡೀ ಕಾಡಿನ ವಾರ್ಷಿಕ ಬೆಳವಣಿಗೆಗಿಂತ ಹೆಚ್ಚನ್ನು ತೆಗೆಯಬಾರದು. ಇಷ್ಟೇ. ಆದರೆ ಇದನ್ನು ಪಾಲಿಸಲು ಒಡೆಯನಿಗೆ ನೂರು ವರ್ಷದ ತಾಳ್ಮೆ ಬೇಕು. ಅಂದಿನ ಅಮೆರಿಕದಲ್ಲಿ ಮರದ ಕಂಪನಿಗಳಿಗೆ ಸಾಲದ ಬಡ್ಡಿ ಪ್ರತಿ ವರ್ಷ ಕಟ್ಟಬೇಕಿತ್ತು, ನಿಂತ ಮರದ ಮೇಲೆ ತೆರಿಗೆ ಪ್ರತಿ ವರ್ಷ ಬೀಳುತ್ತಿತ್ತು. ಬೇಗ ಕಡಿದು ಭೂಮಿಯನ್ನು ಬಿಟ್ಟು ಮುಂದಕ್ಕೆ ಹೋಗುವುದೇ ಲಾಭವಾಗಿತ್ತು. ಮಿಶಿಗನ್, ವಿಸ್ಕಾನ್ಸಿನ್, ಮಿನಸೋಟಾ ರಾಜ್ಯಗಳ ಬಿಳಿ ಪೈನ್ ಕಾಡುಗಳು ಹೀಗೆಯೇ ಮುಗಿದವು. ಕಂಪನಿಗಳು ದಕ್ಷಿಣಕ್ಕೆ, ಅಲ್ಲಿಂದ ಪೆಸಿಫಿಕ್ ತೀರಕ್ಕೆ ಸಾಗಿದವು. ಹಿಂದೆ ಉಳಿದದ್ದು ಸುಟ್ಟ ಬೊಡ್ಡೆಗಳ ಬಯಲು, ತೆರಿಗೆ ಕಟ್ಟದೆ ಕೈಬಿಟ್ಟ ಜಮೀನು, ಗಿರಣಿ ಮುಚ್ಚಿದ ಊರುಗಳು.

ಈ ರೋಗಕ್ಕೆ ಮೂರು ಮದ್ದುಗಳ ಮಾತು ಆಗ ನಡೆದಿತ್ತು. ಖಾಸಗಿ ಒಡೆಯರಿಗೆ ನೆರವು ಕೊಟ್ಟು ಒಳ್ಳೆಯ ದಾರಿಗೆ ತರುವುದು ಒಂದು, ಕಾನೂನಿನಿಂದ ಅವರ ಕಡಿತಲೆಯನ್ನು ನಿಯಂತ್ರಿಸುವುದು ಇನ್ನೊಂದು, ಕಾಡನ್ನು ಸಾರ್ವಜನಿಕರ ಒಡೆತನಕ್ಕೆ ತರುವುದು ಮೂರನೆಯದು. 1933ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಮಾರ್ಷಲ್ ಮೂರನೆಯದನ್ನೇ ಆರಿಸಿಕೊಂಡು, ದೇಶದ ಕಾಡಿನ ಬಹುಪಾಲನ್ನು ಸರ್ಕಾರ ಕೊಳ್ಳಬೇಕು ಎಂದರು. ಅದೇ ವರ್ಷ ಅಮೆರಿಕದ ಸೆನೆಟ್‌ಗೆ ಸಲ್ಲಿಕೆಯಾದ ರಾಷ್ಟ್ರೀಯ ಅರಣ್ಯ ಯೋಜನೆಯ ದೊಡ್ಡ ವರದಿಯಲ್ಲಿ ವಿಹಾರ ಮತ್ತು ಅಖಂಡ ಕಾಡಿನ ಭಾಗವನ್ನು ಬರೆದವರೂ ಅವರೇ. ಸಾರ್ವಜನಿಕ ಒಡೆತನದ ಮೇಲೆ ಅವರಿಗಿದ್ದ ಭರವಸೆ ಅತಿಯಾಯಿತು ಎಂಬುದು ನನ್ನ ಅನಿಸಿಕೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸರ್ಕಾರಿ ಕಾಡುಗಳಲ್ಲಿಯೇ ಬೋಳುಕಡಿತಲೆ ವಿಪರೀತವಾಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ಸರ್ಕಾರ ಒಡೆಯನಾದ ಮಾತ್ರಕ್ಕೆ ಕೊಡಲಿ ತಾನಾಗಿ ಸೌಮ್ಯವಾಗುವುದಿಲ್ಲ ಎಂಬುದು ನಮಗೂ ತಿಳಿದದ್ದೇ. 1983ರ ಸೆಪ್ಟೆಂಬರಿನಲ್ಲಿ ನಿಮ್ಮ ಜಿಲ್ಲೆಯ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತದ್ದು ಸರ್ಕಾರಿ ಕಾಡಿನ, ಯೋಜನೆಯ ಪ್ರಕಾರವೇ ಎಂದು ಹೇಳಲಾದ ಕಡಿತಲೆಯ ಎದುರಿಗೆ. ಕಾಗದದ ಮೇಲೆ ಆಯ್ಕೆಯ ಕಡಿತಲೆ ಇರಬಹುದು. ಆದರೆ ಒಂದು ದೊಡ್ಡ ಮರ ಬೀಳುವಾಗ ಎಷ್ಟು ಎಳೆಯ ಮರಗಳನ್ನು ಮುರಿಯುತ್ತದೆ, ದಿಮ್ಮಿ ಎಳೆದ ಜಾಡಿನಲ್ಲಿ ಮಳೆಗಾಲದ ನೀರು ಮಣ್ಣನ್ನು ಎಷ್ಟು ಕೊಚ್ಚುತ್ತದೆ, ಲಾರಿಗಾಗಿ ಮಾಡಿದ ದಾರಿಯಲ್ಲಿ ಅನಂತರ ಯಾರು ಬರುತ್ತಾರೆ ಎಂಬುದು ಇಳುವರಿಯ ಕೋಷ್ಟಕದಲ್ಲಿ ಕಾಣುವುದಿಲ್ಲ.

ಆ ಲಾರಿಯ ದಾರಿಯೇ ಮಾರ್ಷಲ್ ಅವರ ಇನ್ನೊಂದು ವಾದದ ಕೇಂದ್ರ. 1930ರ ಫೆಬ್ರವರಿಯಲ್ಲಿ ಒಂದು ವಿಜ್ಞಾನ ಮಾಸಿಕದಲ್ಲಿ ಅವರು ಅಖಂಡ ಕಾಡಿನ ಸಮಸ್ಯೆಯನ್ನು ಕುರಿತು ಬರೆದ ಲೇಖನ ಇಂದಿಗೂ ಓದತಕ್ಕದ್ದು. ಅದರಲ್ಲಿ ಅವರು ಕೊಟ್ಟ ಲಕ್ಷಣಗಳು ಮುಖ್ಯವಾಗಿ ಇವು: ಅಲ್ಲಿ ಶಾಶ್ವತ ವಸತಿ ಇರಬಾರದು, ಯಾವುದೇ ಯಂತ್ರವಾಹನದಿಂದ ಹೋಗಲು ಸಾಧ್ಯವಾಗಬಾರದು, ದಾಟಲು ಹೊರಟವನು ದಾರಿಯಲ್ಲಿ ರಾತ್ರಿ ಕಳೆಯಲೇಬೇಕಾಗುವಷ್ಟು ಅದು ವಿಸ್ತಾರವಾಗಿರಬೇಕು. ಎರಡನೆಯ ಮತ್ತು ಮೂರನೆಯ ಲಕ್ಷಣಗಳನ್ನು ಒಟ್ಟಿಗೆ ಓದಿ. ಮರಗಳ ವಯಸ್ಸನ್ನಾಗಲಿ ಜಾತಿಯನ್ನಾಗಲಿ ಅವರು ಕೇಳಲಿಲ್ಲ, ದೂರವನ್ನು ಕೇಳಿದರು. ಆ ದೂರವನ್ನು ಒಮ್ಮೆ ರಸ್ತೆ ನುಂಗಿತೆಂದರೆ ಯಾವ ನೆಡುತೋಪೂ ಅದನ್ನು ಮರಳಿಸದು.

ಈ ಲೇಖನದಲ್ಲಿ ಅವರು ಅರಣ್ಯಾಧಿಕಾರಿಯಾಗಿಯೇ ಮಾತಾಡುತ್ತಾರೆ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅಖಂಡ ಕಾಡನ್ನು ಬಿಟ್ಟುಕೊಟ್ಟರೆ ದೇಶಕ್ಕೆ ಮರಮಟ್ಟಿನ ನಷ್ಟವಾಗುವುದಿಲ್ಲವೇ ಎಂಬ ಆಕ್ಷೇಪ ಬರುತ್ತದೆಂದು ಅವರಿಗೆ ಗೊತ್ತಿತ್ತು. ನಷ್ಟವಿದೆ ಎಂದು ಅವರು ಒಪ್ಪಿಕೊಂಡರು, ಆದರೆ ಅದು ಚಿಕ್ಕದು ಎಂದು ತೋರಿಸಿದರು: ಉಳಿದ ಕಾಡನ್ನು ಬೆಂಕಿಯಿಂದ ಕಾಪಾಡಿ ಸರಿಯಾಗಿ ನಿರ್ವಹಿಸಿದರೆ ಬರುವ ಹೆಚ್ಚಿನ ಇಳುವರಿ ಆ ನಷ್ಟವನ್ನು ತುಂಬಿ ಮಿಗುತ್ತದೆ. ನಿಮ್ಮ ಪ್ರಶ್ನೆಗೆ ಅವರದೇ ಉತ್ತರ ಇಲ್ಲಿದೆ. ಒಳ್ಳೆಯ ಕಡಿತಲೆ ಇಲ್ಲದಿದ್ದರೆ ಅಖಂಡ ಕಾಡನ್ನು ಉಳಿಸಿಕೊಳ್ಳಲು ಸಾಧ್ಯವಿಲ್ಲ. ಏಕೆಂದರೆ ಕೆಳಗಿನ ಕಣಿವೆಯ ಕಾಡನ್ನು ಕೆಡಿಸಿಕೊಂಡ ಸಮಾಜದ ಕಣ್ಣು ಮೇಲಿನ ಕಣಿವೆಯ ಮೇಲೆ ಬಿದ್ದೇ ಬೀಳುತ್ತದೆ. ಅಖಂಡ ಕಾಡಿನಲ್ಲಿ ಅಲೆಯುವ ಸುಖವನ್ನು ಬಯಸುವವರು ಕೆಲವೇ ಜನರಲ್ಲವೇ ಎಂಬ ಆಕ್ಷೇಪಕ್ಕೆ, ಬಹುಸಂಖ್ಯಾತರಿಗೆ ರಸ್ತೆಯಿರುವ ಕಾಡು ಬೇಕಾದಷ್ಟಿದೆ, ಅಲ್ಪಸಂಖ್ಯಾತರ ಬಯಕೆಗೆ ಉಳಿದಿರುವುದನ್ನಾದರೂ ಬಿಡಬೇಕು ಎಂಬುದು ಅವರ ಮರುನುಡಿ.

1929ರ ಬೇಸಿಗೆಯಲ್ಲಿ ಅವರು ಅಲಾಸ್ಕಾದ ಉತ್ತರಕ್ಕೆ, ಬ್ರೂಕ್ಸ್ ಪರ್ವತಶ್ರೇಣಿಗೆ ಹೋಗಿ, ಕೊಯುಕುಕ್ ನದಿಯ ಉತ್ತರ ಶಾಖೆಯ ಎರಡೂ ಬದಿಗೆ ಎದ್ದು ನಿಂತ ಎರಡು ಬೆಟ್ಟಗಳಿಗೆ ಆರ್ಕ್ಟಿಕ್‌ನ ಹೆಬ್ಬಾಗಿಲು ಎಂಬ ಅರ್ಥದ ಹೆಸರಿಟ್ಟರು. ಇಂದು ಅಲ್ಲಿರುವ ರಾಷ್ಟ್ರೀಯ ಉದ್ಯಾನಕ್ಕೆ ಅದೇ ಹೆಸರು. ಮರುವರ್ಷ ಹೋಗಿ ವೈಸ್‌ಮನ್ ಎಂಬ ಪುಟ್ಟ ಊರಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿ ಆ ಊರಿನ ಕುರಿತು ಪುಸ್ತಕ ಬರೆದರು, ಅದರ ಗಳಿಕೆಯಲ್ಲಿ ಊರವರಿಗೆ ಪಾಲು ಕೊಟ್ಟರು.

1933ರಲ್ಲಿ ಅಮೆರಿಕದ ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಇಲಾಖೆಯಲ್ಲಿ ಅರಣ್ಯ ನಿರ್ದೇಶಕರಾದರು. ಅವರ ವೃತ್ತಿಜೀವನದಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ ಎಂದು ನನಗನ್ನಿಸುತ್ತದೆ. ಅವರ ದೊಡ್ಡತನವೂ ತಪ್ಪೂ ಒಂದೇ ಹುದ್ದೆಯಲ್ಲಿ ಕಾಣುತ್ತವೆ. ಮೂಲನಿವಾಸಿಗಳ ಮೀಸಲು ಪ್ರದೇಶದ ಕಾಡಿನ ಕೆಲಸ ಅವರ ಕೈಯಲ್ಲಿಯೇ ಇರಬೇಕು, ಅದರ ಸಂಬಳ ಅವರಿಗೇ ಸಿಗಬೇಕು, ಕಾಡು ನಿರಂತರ ಇಳುವರಿಯ ತತ್ತ್ವದ ಮೇಲೆ ನಡೆಯಬೇಕು ಎಂದು ಅವರು ದುಡಿದರು. 1934ರಲ್ಲಿ ಬಂದ ಮೂಲನಿವಾಸಿಗಳ ಸ್ವಯಮಾಡಳಿತದ ಕಾಯ್ದೆಯಲ್ಲಿ ಆ ಕಾಡುಗಳನ್ನು ನಿರಂತರ ಇಳುವರಿಯ ತತ್ತ್ವದಂತೆ ನಿರ್ವಹಿಸತಕ್ಕದ್ದೆಂದು ಸ್ಪಷ್ಟವಾಗಿ ಬರೆಯಲಾಯಿತು. ಈ ತತ್ತ್ವ ನಿಜವಾಗಿಯೂ ನಡೆಯಬಲ್ಲದೇ ಎಂಬ ಸಂಶಯ ನಿಮಗಿದ್ದರೆ ವಿಸ್ಕಾನ್ಸಿನ್‌ನ ಮೆನಾಮಿನಿ ಜನರ ಕಾಡನ್ನು ನೋಡಬೇಕು. ಸುಮಾರು 2,35,000 ಎಕರೆಯ ಆ ಮೀಸಲಿನಲ್ಲಿ ಅವರು 19ನೆಯ ಶತಮಾನದಿಂದ ಮರ ಕಡಿಯುತ್ತ, ತಮ್ಮದೇ ಗಿರಣಿಯಲ್ಲಿ ಕೊಯ್ಯುತ್ತ ಬಂದಿದ್ದಾರೆ. ಸುತ್ತಲಿನ ಪೈನ್ ಕಾಡುಗಳು ಬಯಲಾದವು, ಅವರ ಕಾಡಿನಲ್ಲಿ ಇಂದು ನಿಂತಿರುವ ಮರದ ಪ್ರಮಾಣ 1854ರಲ್ಲಿ ಮೀಸಲು ಪ್ರದೇಶವಾದಾಗ ಇದ್ದುದಕ್ಕಿಂತ ಹೆಚ್ಚು. ಅದು ಮಾರ್ಷಲ್ ಅವರ ಸಾಧನೆಯಲ್ಲ, ಆ ಜನರದೇ. ಮಾರ್ಷಲ್ ಅವರ ವಾದಕ್ಕೆ ಮಾತ್ರ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಗೊತ್ತಿಲ್ಲ.

ತಪ್ಪು ನಡೆದದ್ದು 1937ರಲ್ಲಿ. ಇಲಾಖೆಯ ಒಂದು ಆದೇಶದ ಮೂಲಕ ಮೂಲನಿವಾಸಿಗಳ ಮೀಸಲುಗಳಲ್ಲಿ 16 ಪ್ರದೇಶಗಳನ್ನು ರಸ್ತೆರಹಿತ ಅಥವಾ ವನ್ಯ ಪ್ರದೇಶಗಳೆಂದು ಘೋಷಿಸಲಾಯಿತು. ಇದರ ಹಿಂದಿದ್ದವರು ಮಾರ್ಷಲ್. ಮೂಲನಿವಾಸಿಗಳಿಗೆ ತಮ್ಮದೇ ಏಕಾಂತದ ತಾಣ ಉಳಿಯಲಿ ಎಂಬ ಸದುದ್ದೇಶ ಅವರಿಗಿತ್ತು. ಆದರೆ ಆ ಭೂಮಿ ಯಾರದೋ ಅವರ ಒಪ್ಪಿಗೆಯನ್ನು ಕೇಳಲಿಲ್ಲ. ಅನೇಕ ಬುಡಕಟ್ಟುಗಳು ಇದನ್ನು ಒಪ್ಪದೆ, ಮುಂದಿನ ದಶಕಗಳಲ್ಲಿ ಒತ್ತಾಯಿಸಿ ಆ ಘೋಷಣೆಗಳಲ್ಲಿ ಬಹುಪಾಲನ್ನು ತೆಗೆಸಿಹಾಕಿದವು. ಮೊಂಟಾನಾದ ಫ್ಲಾಟ್‌ಹೆಡ್ ಮೀಸಲಿನ ಸೇಲಿಶ್ ಮತ್ತು ಕೂಟ್ನೀ ಜನರ ಕಥೆ ಇದರ ಮುಂದಿನ ಭಾಗ. ಮೇಲಿನಿಂದ ಬಂದ ಘೋಷಣೆಯನ್ನು ಬೇಡವೆಂದ ಅವರೇ 1982ರಲ್ಲಿ ತಮ್ಮ ಸಭೆಯ ತೀರ್ಮಾನದಿಂದ ಮಿಷನ್ ಪರ್ವತಗಳನ್ನು ತಮ್ಮ ಅಖಂಡ ಕಾಡೆಂದು ಘೋಷಿಸಿಕೊಂಡರು. ಬೆಟ್ಟ ಅದೇ, ಕಾಡೂ ಅದೇ. ವ್ಯತ್ಯಾಸ ಯಾರು ಹೇಳಿದರು ಎಂಬುದರಲ್ಲಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಸಮುದಾಯ ಅರಣ್ಯ ಹಕ್ಕು ಪಡೆಯಲು 2011ರವರೆಗೆ ಕಾಯಬೇಕಾಯಿತು ಎಂಬುದನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ನಡುವೆ ಇನ್ನೊಂದು ಬೆಳವಣಿಗೆ. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಸರ್ಕಾರ ಕಾಡುಗಳಲ್ಲಿ ಬೃಹತ್ ಪ್ರಮಾಣದಲ್ಲಿ ರಸ್ತೆ ಮಾಡಿಸತೊಡಗಿತು. ಬೆಟ್ಟದ ನೆತ್ತಿಗಳ ಮೇಲೆಯೇ ಕಾರಿನ ರಸ್ತೆಗಳ ಯೋಜನೆಗಳು ಬಂದವು. ಬಡವರ ಪರವಾಗಿದ್ದ ಮಾರ್ಷಲ್‌ಗೆ ಇದು ಸುಲಭದ ಎದುರಾಳಿಯಾಗಿರಲಿಲ್ಲ, ಕೆಲಸ ಸಿಗುತ್ತಿದ್ದುದು ಬಡವರಿಗೇ. ಆದರೂ ಅವರು ಮಣಿಯಲಿಲ್ಲ. 1934ರ ಅಕ್ಟೋಬರಿನಲ್ಲಿ ಟೆನೆಸಿಯ ನಾಕ್ಸ್‌ವಿಲ್‌ಗೆ ಅರಣ್ಯ ಸಮ್ಮೇಳನಕ್ಕೆ ಹೋಗಿದ್ದಾಗ, ತಮ್ಮಂತೆಯೇ ಯೋಚಿಸುತ್ತಿದ್ದ ಬೆಂಟನ್ ಮೆಕೇ, ಹಾರ್ವೆ ಬ್ರೂಮ್, ಬರ್ನಾರ್ಡ್ ಫ್ರಾಂಕ್ ಅವರೊಡನೆ ಕಾರಿನಲ್ಲಿ ಸಾಗುತ್ತ ಮಾತು ಬೆಳೆದು, ಕಾರನ್ನು ನಿಲ್ಲಿಸಿ ರಸ್ತೆಬದಿಯ ದಿಬ್ಬದ ಮೇಲೆ ಕುಳಿತು ಒಂದು ಸಂಘದ ಧ್ಯೇಯಗಳನ್ನು ಚರ್ಚಿಸಿದರು. 1935ರ ಜನವರಿಯಲ್ಲಿ ‘ವಿಲ್ಡರ್‌ನೆಸ್ ಸೊಸೈಟಿ’ ಸ್ಥಾಪನೆಯಾಯಿತು. ಸ್ಥಾಪಕರಲ್ಲಿ ಇನ್ನೊಬ್ಬ ಅರಣ್ಯಾಧಿಕಾರಿ ಆಲ್ಡೊ ಲಿಯೊಪೋಲ್ಡ್ ಇದ್ದರು. 1924ರಲ್ಲಿ ನ್ಯೂ ಮೆಕ್ಸಿಕೊದ ಹೀಲಾ ಕಾಡನ್ನು ಸರ್ಕಾರಿ ಕಾಡುಗಳಲ್ಲಿ ಮೊದಲ ಅಖಂಡ ಪ್ರದೇಶವಾಗಿ ಕಾಯ್ದಿರಿಸಲು ಕಾರಣರಾದವರು ಅವರು. ಸಂಘದ ಆರಂಭದ ವರ್ಷಗಳ ಖರ್ಚನ್ನು ಬಹುಮಟ್ಟಿಗೆ ಮಾರ್ಷಲ್ ತಮ್ಮ ಕೈಯಿಂದಲೇ ನೋಡಿಕೊಂಡರು. 1936ರಲ್ಲಿ ಅವರು ದೇಶದಲ್ಲಿ ರಸ್ತೆ ಹೊಗದೆ ಉಳಿದಿದ್ದ 3 ಲಕ್ಷ ಎಕರೆಗಿಂತ ದೊಡ್ಡ ಕಾಡುಗಳ ಪಟ್ಟಿ ಮತ್ತು ನಕ್ಷೆ ತಯಾರಿಸಿದರು. ಭಾಷಣಗಳಿಗಿಂತ ಈ ನಕ್ಷೆ ಹೆಚ್ಚು ಕೆಲಸ ಮಾಡಿತೆಂದು ನಾನು ಭಾವಿಸುತ್ತೇನೆ. ಏನು ಉಳಿದಿದೆ ಎಂದು ಗೆರೆ ಎಳೆದು ತೋರಿಸಿದ ಮೇಲೆ, ಅದನ್ನು ಕಳೆಯುವವರು ಕಾರಣ ಹೇಳಬೇಕಾಗುತ್ತದೆ.

1937ರಲ್ಲಿ ಅವರು ಅರಣ್ಯಸೇವೆಗೆ ಮರಳಿ ವಿಹಾರ ಮತ್ತು ಭೂಮಿ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಕೈಗೊಂಡ ಎರಡು ಕೆಲಸಗಳನ್ನು ಒಟ್ಟಿಗೆ ನೋಡಿದರೆ ಅಖಂಡ ಕಾಡು ಶ್ರೀಮಂತರ ಹವ್ಯಾಸ ಎಂಬ ಆರೋಪ ಅವರ ಮಟ್ಟಿಗೆ ನಿಲ್ಲುವುದಿಲ್ಲ. ಸಂಬಳ ಕಡಿಮೆಯಿರುವ ಕುಟುಂಬಗಳೂ ಸರ್ಕಾರಿ ಕಾಡಿಗೆ ಬಂದು ನಾಲ್ಕು ದಿನ ಇರಲು ಸಾಧ್ಯವಾಗಬೇಕೆಂದೂ, ಕಪ್ಪು ಜನರನ್ನು ಶಿಬಿರತಾಣಗಳಿಂದ ದೂರವಿಡುವ ರೂಢಿ ನಿಲ್ಲಬೇಕೆಂದೂ ಇಲಾಖೆಯೊಳಗೆ ಪಟ್ಟುಹಿಡಿದದ್ದು ಒಂದು. 1939ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಎರಡನೆಯದು. 1929ರಿಂದ ಇದ್ದ ಹಳೆಯ ನಿಯಮದಲ್ಲಿ ಕಾಯ್ದಿರಿಸಿದ ಪ್ರದೇಶಗಳಲ್ಲಿಯೂ ಕಡಿತಲೆಗೆ, ರಸ್ತೆಗೆ ಆಸ್ಪದವಿತ್ತು. ಹೊಸ ನಿಯಮದಂತೆ 1 ಲಕ್ಷ ಎಕರೆಗಿಂತ ದೊಡ್ಡ ಅಖಂಡ ಪ್ರದೇಶಗಳಲ್ಲಿಯೂ 5,000ದಿಂದ 1 ಲಕ್ಷ ಎಕರೆಯೊಳಗಿನ ವನ್ಯ ಪ್ರದೇಶಗಳಲ್ಲಿಯೂ ರಸ್ತೆ, ವಾಣಿಜ್ಯ ಕಡಿತಲೆ, ಮೋಟಾರು ವಾಹನ ಮೂರೂ ನಿಷಿದ್ಧವಾದವು. ಎರಡು ತಿಂಗಳೂ ತುಂಬಲಿಲ್ಲ. ನವೆಂಬರ್ 11ರಂದು ವಾಷಿಂಗ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟ ರಾತ್ರಿ ರೈಲಿನಲ್ಲಿ ಅವರು ತೀರಿಕೊಂಡರು. ವಯಸ್ಸು 38. ಆಸ್ತಿಯ ಒಂದು ಭಾಗವನ್ನು ಅಖಂಡ ಕಾಡಿನ ರಕ್ಷಣೆಗೆ, ಉಳಿದದ್ದನ್ನು ಆರ್ಥಿಕ ಸಮಾನತೆ ಮತ್ತು ನಾಗರಿಕ ಸ್ವಾತಂತ್ರ್ಯದ ಕೆಲಸಗಳಿಗೆ ಬರೆದಿಟ್ಟಿದ್ದರು. ಇಲಾಖೆಯ ನಿಯಮವನ್ನು ಇಲಾಖೆಯೇ ಬದಲಿಸಬಹುದಾದ್ದರಿಂದ ಸಂಸತ್ತಿನ ಕಾನೂನೇ ಬೇಕೆಂದು ಅವರ ಸಂಘ ಮುಂದೆ ಹೋರಾಡಿತು. ಸಂಘವನ್ನು ಮುನ್ನಡೆಸುತ್ತಿದ್ದ ಹೋವರ್ಡ್ ಜಾನೈಸರ್ ಬರೆದ ಕರಡು ಹಲವು ತಿದ್ದುಪಡಿಗಳನ್ನು ದಾಟಿ 1964ರ ಸೆಪ್ಟೆಂಬರ್ 3ರಂದು ಕಾನೂನಾಯಿತು, 91 ಲಕ್ಷ ಎಕರೆ ಅದರ ರಕ್ಷಣೆಗೆ ಬಂತು.

ನಮ್ಮ ದೇಶಕ್ಕೆ ಇದನ್ನು ಹಾಗೆಯೇ ತರಬಹುದೇ? ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ 1989ರ ಒಂದು ಪ್ರಬಂಧದಲ್ಲಿ, ಜನ ದಟ್ಟವಾಗಿರುವ, ರೈತರೂ ಬುಡಕಟ್ಟುಗಳೂ ಕಾಡಿನೊಡನೆ ಹೊಂದಿ ಬದುಕುತ್ತಿರುವ ನಾಡಿಗೆ ಅಮೆರಿಕದ ಅಖಂಡ ಕಾಡಿನ ಕಲ್ಪನೆಯನ್ನು ಹೇರಿದರೆ ಬಡವರಿಂದ ಸಂಪತ್ತು ಕಿತ್ತು ಉಳ್ಳವರಿಗೆ ಕೊಟ್ಟಂತಾಗುತ್ತದೆ ಎಂದು ವಾದಿಸಿದರು. 1937ರ ಆದೇಶದ ಗತಿ ನೋಡಿದವರು ಈ ಮಾತನ್ನು ತಳ್ಳಿಹಾಕಲಾರರು. ಶಾಶ್ವತ ವಸತಿ ಇರಬಾರದೆಂಬ ಮೊದಲ ಲಕ್ಷಣ ನಮ್ಮಲ್ಲಿ ನಡೆಯದು, ನಡೆಯಲೂಬಾರದು. ಆದರೆ ಎರಡನೆಯ ಲಕ್ಷಣ, ಅಂದರೆ ಯಂತ್ರವಾಹನ ಹೋಗಬಾರದೆಂಬುದು, ನಮ್ಮ ಘಟ್ಟಗಳಿಗೆ ಇಂದು ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ ಎಂದು ನಾನು ಖಚಿತವಾಗಿ ನಂಬಿದ್ದೇನೆ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಆದಾಯದ ಮೂಲವೆಂದು ನೋಡುವುದನ್ನು ಕೈಬಿಟ್ಟಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೇಂದ್ರದ ಒಪ್ಪಿಗೆ ಪಡೆದ ಕಾರ್ಯಯೋಜನೆಯ ಹೊರತು ಕಾಡಿನಲ್ಲಿ ಕಡಿತಲೆ ಕೂಡದೆಂದಿತು. ಕೊಡಲಿಗೆ ಹೀಗೆ ಅಂಕೆ ಬಿತ್ತು. ಘಟ್ಟದ ಕಾಡನ್ನು ಈಗ ತುಂಡರಿಸುತ್ತಿರುವುದು ರಸ್ತೆಯ ಅಗಲೀಕರಣ, ವಿದ್ಯುತ್ ತಂತಿಯ ಮಾರ್ಗ, ಕಾಲುವೆ, ಹಳಿ.

ಆದ್ದರಿಂದ ಇಲಾಖೆಗೆ ಸೇರುವ ನಿಮಗೆ ನಾನು ಹೇಳುವುದು ಒಂದು ಕೆಲಸದ ಮಾತು. ನಿಮ್ಮ ಕೈಗೆ ಮೊದಲ ಬಾರಿಗೆ ಒಂದು ವಲಯದ ನಕ್ಷೆ ಬಂದಾಗ, ಅದರಲ್ಲಿ ಮರಗಳ ದಟ್ಟಣೆಯನ್ನು ನೋಡುವ ಮೊದಲು ಲಾರಿ ಹೋಗಬಲ್ಲ ಪ್ರತಿಯೊಂದು ದಾರಿಯನ್ನೂ ಗುರುತಿಸಿ. ದಾರಿಗಳ ನಡುವೆ ಉಳಿದ ಅತಿ ದೊಡ್ಡ ತುಂಡು ಎಷ್ಟು ಎಕರೆಯದೆಂದು ಲೆಕ್ಕ ಹಾಕಿ. ಅಲ್ಲಿಗೆ ಹೋಗಿ ಬರುವ, ಅಲ್ಲಿಂದ ಸೊಪ್ಪು, ಜೇನು, ಉಪ್ಪಾಗೆ ತರುವ ಜನರನ್ನು ಕೇಳಿ ಅವರೊಡನೆಯೇ ಆ ತುಂಡಿನ ಗಡಿಯನ್ನು ಬರೆದಿಡಿ. ನೆಡುತೋಪಿನ ಕಡಿತಲೆಯನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತೀರೋ ಆ ತುಂಡಿನ ಮೇಲಿನ ಒತ್ತಡ ಅಷ್ಟು ಕಡಿಮೆಯಾಗುತ್ತದೆ.

ನೀವು ಕೇಳಿದ ಆ ಮೊಂಟಾನಾದ ಕಾಡು, ಮಾರ್ಷಲ್ ತೀರಿಕೊಂಡ ಮರುವರ್ಷ, 1940ರಲ್ಲಿ, ಮೂರು ಹಳೆಯ ಮೀಸಲುಗಳನ್ನು ಕೂಡಿಸಿ ಅವರ ಹೆಸರಿನಲ್ಲಿ ರೂಪಿಸಿದ್ದು. ಅದರ ಗಡಿಯ ಹೊರಗೆ, ಅದೇ ಫ್ಲಾಟ್‌ಹೆಡ್ ರಾಷ್ಟ್ರೀಯ ಅರಣ್ಯದಲ್ಲಿ, ಇಂದಿಗೂ ಮರಮಟ್ಟಿನ ಹರಾಜು ನಡೆಯುತ್ತದೆ. ಗಡಿಯ ಒಳಗೆ ಯಂತ್ರದ ಗರಗಸಕ್ಕೂ ಪ್ರವೇಶವಿಲ್ಲ. ಚಳಿಗಾಲದಲ್ಲಿ ಕಾಲುದಾರಿಗೆ ಅಡ್ಡ ಬಿದ್ದ ಮರಗಳನ್ನು ಅರಣ್ಯಸೇವೆಯ ಸಿಬ್ಬಂದಿ ಪ್ರತಿ ಬೇಸಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಹೋಗಿ, ಇಬ್ಬರು ಎದುರುಬದುರು ನಿಂತು ಎಳೆಯುವ ಹಳೆಯ ಕಾಲದ ಗರಗಸದಿಂದ ಕೊಯ್ದು ದಾರಿ ಬಿಡಿಸುತ್ತಾರೆ.